ಹದಿನಾರು ಫೋಟೋ, ಎರಡು ಲೆನ್ಸು

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದರ್ಜಿ ಹೆಂಗಸು ಸುತ್ತುಬಳಸಿ ಮಾತಾಡಲಿಲ್ಲ.

"ಭಾನುವಾರ ನಮ್ಮಪ್ಪ ಲಕ್ವ ಹೊಡೆದು ತೀರ್ಕೊಂಡ್ರು. ಮಧ್ಯಾಹ್ನ ಹನ್ನೆರಡು ಗಂಟೆಗೆ ನೋಡಿದೆ, ಆಗ್ಲೇ ಉಸಿರಿರ್ಲಿಲ್ಲ ಅಂತಾನೆ ನನ್ ತಮ್ಮ. ಸುಳ್ಳು ಸಾರ್."

"ಹೇಗೆ ಹೇಳ್ತೀರಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಕನ್ನಡಕ ಇಲ್ದೆ ಅಪ್ಪ ಹಾಸಿಗೆಯಿಂದ ಕಾಲೇ ಇಳಿಸ್ತಿರ್ಲಿಲ್ಲ. ಅದು ಮಡಚಿ ಕಿಟಕಿ ಮೇಲಿತ್ತು. ನೆಲಕ್ಕೆ ಬಿದ್ದೋರು ಮಡಚಿಡ್ತಾರಾ? ಉಸಿರಿದ್ದಾಗ್ಲೇ ಅವನು ನೋಡಿದ್ನಾ ಇಲ್ವಾ, ಅಷ್ಟು ಹೇಳಿ ಸಾಕು."

ಆಸ್ತಿ ಜಗಳವಿರಬೇಕು ಎಂದುಕೊಂಡೇ ಇನ್‌ಸ್ಪೆಕ್ಟರ್ ದೂರು ಬರೆಸಿಕೊಂಡರು.

ಮಧ್ಯಾಹ್ನ ಎರಡಕ್ಕೆ ಮನೆಯಲ್ಲಿ ಪಂಚನಾಮೆ. ಅವಳ ತಮ್ಮ, ಕಚೇರಿಯೊಂದರಲ್ಲಿ ನಕ್ಷೆ ಬರೆಯುವವನು, ಅಚ್ಚುಕಟ್ಟಿನ ಮನುಷ್ಯ. ಅವನ ಕಪಾಟಿನ ಹಳೆಯ ಕ್ಯಾಮೆರಾಗಳ ಮೇಲೆ ಧೂಳಿನ ಸುಳಿವಿಲ್ಲ. ಅಪ್ಪನ ಹೊದಿಕೆ ಮಾತ್ರ ತೊಳೆದು ಯಾವ ಕಾಲವಾಗಿತ್ತೋ, ಮೂಗು ಮುಚ್ಚಿಕೊಳ್ಳುವಂತೆ ನಾರುತ್ತಿತ್ತು. ಆ ಕೋಣೆಯ ನೆಲದಲ್ಲಿ ಮೂರು ಕಡೆ ಅಂಟಿಸಿದ್ದ ಟೇಪು ಹೆಡ್ ಕಾನ್‌ಸ್ಟೇಬಲ್ ಕಣ್ಣಿಗೆ ಬಿತ್ತು.

"ಇದೇನು?"

"ಟ್ರೈಪಾಡ್ ಕಾಲಿಡೋ ಗುರುತು. ಲೆನ್ಸ್ ಬದಲಾಯಿಸಿದ್ರೂ ಕ್ಯಾಮೆರಾ ಕದಲಬಾರ್ದು."

"ಯಾವಾಗ ಅಂಟಿಸಿದ್ದು?"

"ಹೋದ ತಿಂಗಳು."

ಆದರೆ ಅವನ ಮೇಜಿನ ಮೇಲೆ ಫೋಟೋ ಲ್ಯಾಬಿನ ಚೀಟಿ ಸಿಕ್ಕಿತು. ಫಿಲ್ಮ್ ಕೊಟ್ಟದ್ದು ಸೋಮವಾರ. ಅಪ್ಪನ ಅಂತ್ಯಕ್ರಿಯೆ ನಡೆದದ್ದೂ ಸೋಮವಾರವೇ.

ನಾಲ್ಕು ಗಂಟೆಗೆ ಲ್ಯಾಬಿನ ಮಾಲೀಕ ಹದಿನಾರು ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದ. "ರೇಂಜ್‌ಫೈಂಡರ್ ಅನ್ನೋ ಹಳೇ ನಮೂನೆ ಕ್ಯಾಮೆರಾದ ಎರಡು ಲೆನ್ಸು. ಒಂದ್ಸಲ ಇದು, ಒಂದ್ಸಲ ಅದು ಹಾಕಿ, ಯಾವ್ದು ಚೆನ್ನಾಗಿ ತೆಗೆಯತ್ತೆ ಅಂತ ಹೋಲಿಸಿದಾರೆ. ಇದ್ರಲ್ಲಿ ಮೂಲೆಗಳೆಲ್ಲ ಮಸುಕು. ಅದ್ರಲ್ಲಿ ಮೂಲೆವರೆಗೂ ಸ್ಪಷ್ಟ. ತಾತ ಯಾಕೆ ನೆಲದ ಮೇಲೆ ಅಂದೆ. ಪೋಸು ಅಂದ್ರು ಸಾರ್."

ಇನ್‌ಸ್ಪೆಕ್ಟರ್ ಭೂತಗನ್ನಡಿ ಹಿಡಿದರು. ಎಲ್ಲದರಲ್ಲೂ ಅದೇ ಮುದುಕ, ಸೊಟ್ಟಗಾದ ಬಾಯಿ. ಮೊದಲನೆಯದರಲ್ಲಿ ಕನ್ನಡಕವಿತ್ತು, ಎರಡನೆಯದರಿಂದ ಇಲ್ಲ. ಮೂಲೆಯಲ್ಲಿದ್ದ ಗೋಡೆ ಗಡಿಯಾರ ಒಂದು ಲೆನ್ಸಿಗೆ ಬರೀ ಬಿಳಿ ಮಚ್ಚೆ. ಇನ್ನೊಂದಕ್ಕೆ ಮುಳ್ಳುಗಳೂ ಕಂಡಿದ್ದವು: ಎರಡನೇ ಫೋಟೋದಲ್ಲಿ ಎಂಟು ಐವತ್ತು, ಕೊನೆಯದರಲ್ಲಿ ಒಂಬತ್ತು ಮೂವತ್ತೈದು. ಹತ್ತನೆಯದರಲ್ಲಿ ಮುದುಕ ಸ್ವಾಧೀನವಿದ್ದ ಕೈಯನ್ನು ಮಗನತ್ತ ಚಾಚಿದ್ದ. ಹನ್ನೆರಡನೆಯದರಲ್ಲಿ ಕೈ ಕೆಳಗೆ ಬಿದ್ದಿತ್ತು. ಕಣ್ಣು ತೆರೆದೇ ಇತ್ತು, ಕ್ಯಾಮೆರಾವನ್ನೇ ನೋಡುತ್ತಿತ್ತು.

ಥೂ! ಇನ್‌ಸ್ಪೆಕ್ಟರ್ ಭೂತಗನ್ನಡಿ ಕೆಳಗಿಟ್ಟರು. ಅವರು ಕೊಲೆಗಡುಕರ ಜೊತೆ ಕೂತು ಊಟ ಮಾಡಿದವರು. ಈ ಮಗನ ಮುಖ ನೋಡುವುದು ಮಾತ್ರ ಬೇಡವೆನಿಸಿತು.

ಐದಕ್ಕೆ ಎಫ್‌ಐಆರ್, ಐದೂಮುಕ್ಕಾಲಿಗೆ ಬಂಧನ.

"ಬದುಕಿದ್ರಲ್ಲ?"

"ಹೌದು."

"ಕನ್ನಡಕ?"

"ಗಾಜಲ್ಲಿ ಕಿಟಕಿ ಮಿಂಚ್ತಿತ್ತು. ಹೋಲಿಕೆ ಕೆಡತ್ತೆ."

"ಆಂಬುಲೆನ್ಸ್ ಕರೆಯೋಕೆ ಏನಾಗಿತ್ತು ರೋಗ?"

"ಕರೀಬೇಕು ಅಂತಾನೇ ಇದ್ದೆ ಸಾರ್. ಅಷ್ಟ್ರಲ್ಲಿ ಕಿಟಕಿಯ ಬೆಳಗಿನ ಬೆಳಕು ಹೋಗ್ಬಿಡ್ತಿತ್ತು."

ಹೇಳಿಕೆಯನ್ನು ಹೆಡ್ ಕಾನ್‌ಸ್ಟೇಬಲ್ ಹಲ್ಲು ಕಚ್ಚಿಕೊಂಡು ಬರೆದರು. ಯಾವ ಲೆನ್ಸ್ ಮೇಲು ಎಂದು ಗೆಳೆಯರ ಜೊತೆ ಆರು ವರ್ಷದ ವಾದ. ಗೆಲ್ಲಲು ಒಂದು ಮುಖ ಬೇಕಿತ್ತು, ಸುಕ್ಕುಗಟ್ಟಿದ್ದು, ಅಲುಗಾಡದ್ದು. ಅಪ್ಪನಿಗೆ ನಡುಕದ ಕಾಯಿಲೆ, ತಲೆ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಲಕ್ವ ಹೊಡೆದ ಆ ದಿನ ನಿಂತಿತ್ತು. ಹನ್ನೆರಡರವರೆಗೆ ಲೆನ್ಸು ಒರೆಸುತ್ತಾ ಕೂತಿದ್ದನಂತೆ.

ಹೊರಗೆ ಬೆಂಚಿನ ಮೇಲೆ ಅಕ್ಕ ಕಾದಿದ್ದಳು. ಸುಳ್ಳು ಹೇಳಿಬಿಡೋಣ ಅನಿಸಿತು ಇನ್‌ಸ್ಪೆಕ್ಟರಿಗೆ. ನಾಲಿಗೆ ಏಳಲಿಲ್ಲ.

"ಉಸಿರಿತ್ತಮ್ಮ. ಆಗ ಅವನು ತೆಗೆದ ಫೋಟೋ ಹದಿನಾರು ಸಿಕ್ಕಿವೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಅಷ್ಟು ಕ್ಯಾಮೆರಾ ಇಟ್ಕೊಂಡು ಅವನು ಅಪ್ಪಂದು ಒಂದು ಫೋಟೋ ತೆಗ್ದಿರ್ಲಿಲ್ಲ ಸಾರ್. ಗೋಡೆಗೆ ಹಾಕೋಕೆ ಅದ್ರಲ್ಲಿ ಒಂದು ಕೊಡ್ತೀರಾ?"

ಇನ್‌ಸ್ಪೆಕ್ಟರ್ ಒಳಗೆ ಹೋಗಿ ಹದಿನಾರನ್ನೂ ಎರಡು ಸಲ ತಿರುವಿ ಹಾಕಿದರು. ಮಗಳ ಕೈಗೆ ಕೊಡುವಂಥದ್ದು ಒಂದೂ ಇರಲಿಲ್ಲ.

"ಕೇಸು ಮುಗಿಯೋವರೆಗೂ ಕೊಡೋಕಾಗಲ್ಲಮ್ಮ," ಎಂದರು.