ಮೂರು ದಾರಿಯಲ್ಲಿ ಮೂರು ಸುತ್ತು

ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆಂದು ಪ್ರಾಜಕ್ತಾ ಮಗಳ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದಳು. ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಕಾಳವ್ವ ಬಂದು ನಿಂತಳು. ಎಮ್ಮೆ ಹಿಂಡಿ ಹಾಲು ತರುವವಳು ಇವತ್ತು ಕ್ಯಾನನ್ನು ಕೆಳಗಿಡಲೂ ಇಲ್ಲ, ಒಳಗೆ ಬರಲೂ ಇಲ್ಲ.

"ವೈನೀ, ನಿಮ್ಮ ಗಾಡಿ ಇವತ್ತ ಕರೋಶಿ ಮ್ಯಾಲೆ ಹಾಯ್ತೈತೇನ್ರಿ?"

"ಹೊರಡೂತನಕ ಹಾದಿ ಯಾರಿಗೂ ಹೇಳೂದಿಲ್ಲ ಕಾಳವ್ವಾ. ಅದ ರ‍್ಯಾಲಿ ಮಜಾ."

ಪ್ರಾಜಕ್ತಾ ಪುಣೆಯಲ್ಲಿ ಬೆಳೆದವಳು. ಗಂಡ ಶ್ರೇಣಿಕನ ಜೊತೆ ಸದಲಗಾದ ಈ ಹಳೆಯ ಮನೆಗೆ ಬಂದು ನೆಲೆಸಿ ನಾಲ್ಕು ತಿಂಗಳಾಗಿತ್ತು. ನಿಪ್ಪಾಣಿಯಿಂದ ಕಾಗವಾಡದವರೆಗಿನ ಹವ್ಯಾಸಿಗಳ ಕಾರ್ ರ‍್ಯಾಲಿಗೆ ಇಬ್ಬರೂ ಹೆಸರು ಕೊಟ್ಟಿದ್ದರು. ಓಡಿಸುವವನು ಅವನು. ಪಕ್ಕದಲ್ಲಿ ಕೂತು ಹಾದಿ ಹೇಳುವವಳು, ಸಮಯ ನೋಡುವವಳು ಇವಳು.

"ಹೋದ್ರ ಹೋಗ್ರಿ," ಕಾಳವ್ವನ ದನಿ ಇಳಿಯಿತು. "ಕರೋಶಿ ದಾಟಿದ ಮ್ಯಾಲೆ ಮೂರು ಹಾದಿ ಕೂಡ್ತಾವ. ನನ್ನ ಮೊಮ್ಮಗನ ಪೀಡಾ ನಿನ್ನೆ ಅಮಾಸಿಗೆ ಅನ್ನದಾಗ ಇಳಿಸಿ ಅಲ್ಲೇ ಇಟ್ಟೀವಿ. ದಾಟಿ ಹೋಗ್ರಿ, ಏನೂ ಆಗೂದಿಲ್ಲ. ಅದರ ಸುತ್ತ ಮಾತ್ರ ತಿರಗಬ್ಯಾಡ್ರಿ."

ಆ ಮೊಮ್ಮಗನ ಸಂಗತಿ ಮನೆಯವರಿಗೆಲ್ಲ ಗೊತ್ತಿತ್ತು. ಐದು ವರ್ಷದ ಹುಡುಗ. ಯಾರೋ ಮಾಟ ಮಾಡಿಸಿದ್ದಾರೆಂದು ಕಾಳವ್ವ ಸೆಗಣಿ ಬಾಚುತ್ತ ಬಾಚುತ್ತ ಅಳುತ್ತಿದ್ದಳು. ಹೋದ ತಿಂಗಳ ಅಮಾವಾಸ್ಯೆಯಿಂದ ಹುಡುಗ ಮಾತು ಬಿಟ್ಟಿದ್ದ. ಮನೆಯ ಕಂಬದ ಸುತ್ತ ಎಡಕ್ಕೆ ಸುತ್ತುತ್ತಿದ್ದ, ಕಾಲು ಸೋತು ಬೀಳುವವರೆಗೆ. ಇನ್ನೊಂದು ಅಮಾವಾಸ್ಯೆ ದಾಟಿದರೆ ಉಳಿಯುವುದಿಲ್ಲ ಎಂದಿದ್ದ ಮಂತ್ರ ಹಾಕುವ ಲಗಮಪ್ಪ.

"ಈಗ ಹೆಂಗ ಅದಾನ?"

"ಮುಂಜಾನೆ ಎದ್ದು ರೊಟ್ಟಿ ಕೇಳಿದ್ನಂತ್ರಿ! ಮಗಳು ಫೋನ್ ಮಾಡಿದ್ಲು." ಕಾಳವ್ವನ ಮುಖ ಅರಳಿ ಮತ್ತೆ ಮುಚ್ಚಿಕೊಂಡಿತು. "ಮೂರು ಸುತ್ತು ಇಳಿಸಿದ್ದಕ್ಕ ಬಿಟ್ಟೈತಿ. ಮತ್ತ ಸುತ್ತಿದವರ ಮನೀಗೆ ಹತ್ತತೈತಿ."

ಪ್ರಾಜಕ್ತಾ ನಕ್ಕುಬಿಟ್ಟಳು. "ಅದಕ್ಕೂ ನಮ್ಮಂಗ ರೂಟ್ ಬುಕ್ ಕೊಟ್ಟಾರೇನ? ಇಂಥಾ ಮನಿ, ಇಂಥಾ ಕಂಬ ಅಂತ?"

ಆರು ವರ್ಷದ ಸನ್ಮತಿ ಸರ‍್ರನೆ ತಲೆ ತಿರುಗಿಸಿದಳು. "ಮಮ್ಮಿ, ಹಂಗಾರ ಅದು ಈಗ..."

"ಅಲ್ಲಾಡಬ್ಯಾಡ. ಜಡಿ ಹಾಕೂಮುಂದ ಮಾತಿಲ್ಲ."

ಹೊರಗೆ ಶ್ರೇಣಿಕ ಹಾರನ್ ಒತ್ತಿದ. ಮತ್ತೆ ಒತ್ತಿದ. ದೇವರ ಮುಂದೆ ಜಪ ಮಾಡುತ್ತಿದ್ದ ಅತ್ತೆ ಜಿನಮತಿ ಕಣ್ಣು ತೆರೆದು, "ಆಕಿ ಮಾತ ಒಂದೀಟ ಕೇಳ," ಎಂದರು. ಪ್ರಾಜಕ್ತಾ ಕೂದಲು ಕೈಬಿಟ್ಟಳು. ಇನ್ನೊಂದು ಜಡೆಗೆ ಇಟ್ಟಿದ್ದ ಕೆಂಪು ರಿಬ್ಬನ್ನನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಂಡಳು.

"ಸಂಜಿಗೆ ಬಂದು ಹಾಕ್ತೀನಿ ಬಾಳಾ."

ಒಂದೇ ಜಡೆಯ ಹುಡುಗಿ ಹೊಸ್ತಿಲಲ್ಲಿ ನಿಂತು ನೋಡಿದಳು. ಕೇಳಬೇಕಾದದ್ದು ಅವಳ ಬಾಯಲ್ಲೇ ಉಳಿದಿತ್ತು.

ಅದು ವೇಗದ ಪಂದ್ಯವಲ್ಲ. ಹೇಳಿದ ವೇಗದಲ್ಲಿ ಓಡಿಸಿ, ಹೇಳಿದ ನಿಮಿಷಕ್ಕೆ ಹಾದಿಯಲ್ಲಿನ ತಪಾಸಣೆಯ ಠಾಣ್ಯ ಮುಟ್ಟಬೇಕು. ತಡವಾದರೆ ಅಂಕ ಹೋಗುತ್ತದೆ, ಬೇಗ ಮುಟ್ಟಿದರೂ ಹೋಗುತ್ತದೆ. ಹಾದಿಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಗಾಡಿಯಲ್ಲಿ ಇಬ್ಬರೇ ಇರಬೇಕು, ಮೂರನೆಯವರಿದ್ದರೆ ಪಂದ್ಯದಿಂದಲೇ ಹೊರಗೆ.

ಚಿಕ್ಕೋಡಿಯವರೆಗೆ ಅವರದು ಒಂದು ಸೆಕೆಂಡೂ ತಪ್ಪಿರಲಿಲ್ಲ. ಕರೋಶಿ ದಾಟುವಾಗ ಮಟಮಟ ಮಧ್ಯಾಹ್ನ. ಎರಡೂ ಕಡೆ ಆಳೆತ್ತರ ಮೀರಿದ ಕಬ್ಬು. ಯಾರೋ ಕಟಾವಾದ ಹೊಲದ ಒಣ ಸೋಗೆ-ರವದಿಗೆ ಬೆಂಕಿ ಹಚ್ಚಿದ್ದರು. ಹೊಗೆ ಹಾದಿಯ ಮೇಲೆ ಮಲಗಿತ್ತು. ಸೂರ್ಯ ಕಂದಿದ ತಾಮ್ರದ ಬಿಲ್ಲೆಯಂತೆ ಕಾಣುತ್ತಿದ್ದ. ಶ್ರೇಣಿಕ ದೀಪ ಹಾಕಿದ.

"ಒಂದು ನಿಮಿಷ ಹತ್ತು ಸೆಕೆಂಡ್ ಲಗೂ ಬಂದೀವಿ," ಎಂದಳು ಪ್ರಾಜಕ್ತಾ. "ಠಾಣ್ಯ ಇಲ್ಲೇ ಮುಂದ ಐತಿ. ನಿಲ್ಲಂಗಿಲ್ಲ. ಸುತ್ತು ಹೊಡಿ."

ಮೂರು ದಾರಿ ಕೂಡುವ ಜಾಗ ಅಗಲವಾಗಿತ್ತು. ನಟ್ಟನಡುವೆ ಒಂದು ಪತ್ರಾವಳಿ.

ಶ್ರೇಣಿಕನ ಕಾಲು ಬ್ರೇಕಿನ ಮೇಲೆ ಹೋಯಿತು. "ಪ್ರಾಜೂ, ಅಲ್ಲೇನೋ ಇಟ್ಟಾರ."

"ನಮ್ಮ ಸಲುವಾಗಿ ಸರ್ಕಲ್ ಮಾಡ್ಯಾರ. ಹೊಡಿಯೋ, ಹೆದರಪುಕ್ಕ!"

ಅವನು ಎಡಕ್ಕೆ ತಿರುಗಿಸಿದ. ಎಡಗಡೆ ಕೂತವಳಿಗೆ ಎಲ್ಲವೂ ಕೈಯಳತೆಯಲ್ಲಿ ಕಂಡಿತು. ಇದ್ದಿಲು ಕಲಸಿದ ಕರಿಯ ಅನ್ನದ ಮುದ್ದೆ. ಕುಂಕುಮ. ಸೀಳಿದ ನಿಂಬೆಹಣ್ಣು. ಮಗುವಿನ ಅಂಗಿಯ ಹಸಿರು ಚೂರು. ಮುಚ್ಚಿದ ಗಾಜಿನ ಒಳಗೂ ಸುಟ್ಟ ಕೂದಲಿನ ವಾಸನೆ ಬಂತು.

ಎರಡನೇ ಸುತ್ತು. ಮುದ್ದೆಯಲ್ಲಿ ಬೆರಳಿನ ಗೆರೆಗಳಿದ್ದವು. ಸಣ್ಣ ಬೆರಳು. ಈಗಷ್ಟೇ ಯಾರೋ ಉಂಡೆದ್ದಂತೆ.

ಮೂರನೇ ಸುತ್ತು. ಎಲೆ ಬರಿದಾಗಿತ್ತು.

"ಸಾಕು, ಹೊರಡು."

ಗಾಡಿ ಮತ್ತೆ ಎಡಕ್ಕೆ ತಿರುಗಿತು.

"ಶ್ರೇಣಿಕ, ಮೂರಾತು!"

"ನಾ ತಿರಗಿಸಾಕತ್ತಿಲ್ಲ!" ಅವನ ಎರಡೂ ಕೈ ಸ್ಟೇರಿಂಗನ್ನು ಬಲಕ್ಕೆ ಜಗ್ಗುತ್ತಿದ್ದವು. ತೋಳಿನ ನರ ಉಬ್ಬಿದ್ದವು. ಗಾಡಿ ಎಡಕ್ಕೇ ಹೋಯಿತು. ಕಬ್ಬಿನ ಗರಿಗಳ ಸದ್ದು ನಿಂತಿತು. ಎಂಜಿನ್ನಿನ ಸದ್ದೂ ನಿಂತಂತಾಯಿತು. ಕೇಳಿಸಿದ್ದು ಒಂದೇ. ಹಿಂದಿನ ಸೀಟಿನಲ್ಲಿ ಉಸಿರು. ಓಡಿ ಬಂದು ಕೂತವರ ಉಸಿರು. ಪ್ರಾಜಕ್ತಾ ತಿರುಗಿ ನೋಡಲಿಲ್ಲ. ಮಣಿಕಟ್ಟು ನೋಡಿಕೊಂಡಳು. ರಿಬ್ಬನ್ ಇರಲಿಲ್ಲ.

ಆಮೇಲೆ ಸ್ಟೇರಿಂಗ್ ತಾನೇ ಸಡಿಲವಾಯಿತು.

ಠಾಣ್ಯದಲ್ಲಿ ಸಂಭಾಜಿ ಎಂಬ ಮಾರ್ಷಲ್ ಗಡಿಯಾರ ತೋರಿಸಿದ. ಅವಳ ಕೈಯ ಸ್ಟಾಪ್‌ವಾಚಿನಲ್ಲಿ ಆ ಸುತ್ತುಗಳಿಗೆ ಹಿಡಿದದ್ದು ಎಪ್ಪತ್ತು ಸೆಕೆಂಡ್. ಅವನದರಲ್ಲಿ ಅವರು ಹತ್ತು ನಿಮಿಷ ತಡ. ಅವನು ಬಗ್ಗಿ ಒಳಗೆ ನೋಡಿದ. ಮುಖ ಗಂಟಾಯಿತು.

"ಏನ್ರಿ ಸಾವಕಾರ್ರ, ರೂಲ್ ಓದಿಲ್ಲೇನು? ಹುಡುಗೀನ್ನ ಯಾಕ ಕರಕೊಂಡು ಬಂದೀರಿ?"

"ಯಾವ ಹುಡುಗಿ?"

"ಹಿಂದ ಕುಂತಾಳಲ್ಲ. ಒಂದ ಜಡಿ ಹಾಕ್ಕೊಂಡಾಕಿ." ಹಾಳೆಯ ಮೇಲೆ ಮೂರು ಎಂದು ಬರೆದು ಅಡ್ಡಗೆರೆ ಎಳೆದ. "ನೀವು ಔಟ್. ಗಾಡಿ ಬಾಜೂಕ ತಗೀರಿ."

ಹಿಂದಿನ ಸೀಟು ಖಾಲಿಯಿತ್ತು. ಮೇಲೆ ಎರಡು ಕರಿಯ ಅನ್ನದ ಅಗುಳು.

ಪ್ರಾಜಕ್ತಾ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಅತ್ತೆ. "ಲಗೂ ಬಾ. ಮಧ್ಯಾಹ್ನದಿಂದ ಕೂಸು ಕಂಬ ಸುತ್ತಾಕತ್ತೈತಿ."

ಮೀರಜಿನ ಡಾಕ್ಟರು ನೋಡಿದರು, ಬೆಳಗಾವಿಯವರು ನೋಡಿದರು. ತಲೆಯ ಚಿತ್ರ ತೆಗೆಸಿದ್ದಾಯಿತು, ರಕ್ತ ಪರೀಕ್ಷೆ ಆಯಿತು. ಎಲ್ಲಿಯೂ ಏನೂ ಸಿಗಲಿಲ್ಲ. ಸನ್ಮತಿ ಮಾತಾಡಲಿಲ್ಲ. ಕರಿಮರದ ಕಂಬಕ್ಕೆ ಎಡಗೈ ತಾಗಿಸಿಕೊಂಡು ಸುತ್ತುತ್ತಿದ್ದಳು. ಅಂಗೈಯ ಚರ್ಮ ಸುಲಿದಿತ್ತು. ಎತ್ತಿಕೊಂಡರೆ ತಾಯಿಯ ತೋಳಿನಲ್ಲೇ ಪಾದಗಳು ನಡೆಯುತ್ತಿದ್ದವು. ಪ್ರಾಜಕ್ತಾ ಪ್ರತಿದಿನ ಬೆಳಿಗ್ಗೆ ಎರಡು ಜಡೆ ಹಾಕುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಬರುವಷ್ಟರಲ್ಲಿ ಒಂದು ಬಿಚ್ಚಿಹೋಗಿರುತ್ತಿತ್ತು.

ಅಮಾವಾಸ್ಯೆಗೆ ಎರಡು ದಿನ ಉಳಿದಾಗ ಅವಳೇ ಕಾಳವ್ವನ ಗುಡಿಸಲಿಗೆ ಹೋದಳು. ಕಾಳವ್ವ "ನಾ ಹೇಳಿದ್ನಿ" ಎನ್ನಲಿಲ್ಲ. ಅವಳ ಕೈ ಹಿಡಿದು ಲಗಮಪ್ಪನ ಬಳಿ ಕರೆದೊಯ್ದಳು.

ಲಗಮಪ್ಪ ತೆಳ್ಳಗಿನ ಮುದುಕ. ತಲೆ ಎತ್ತದೆ ಹೇಳಿದ. "ತಾಯಿ ಕೈಯಿಂದನ ಇಳಿಸಬೇಕು, ತಾಯಿನ ಒಯ್ದು ಇಡಬೇಕು. ಇಟ್ಟು ಹಿಂದ ನೋಡಬಾರದು. ಎಲ್ಲಿ ಹೋತು ಅಂತ ಕೇಳಬಾರದು."

"ಕೇಳಿದ್ರ?"

"ಕೇಳಿದ್ರ ಏನೂ ಆಗೂದಿಲ್ಲವ್ವಾ. ಬದುಕೂದು ಕಷ್ಟ ಆಗ್ತೈತಿ."

ಕಾಳವ್ವ ಮುಖ ಆಚೆ ತಿರುಗಿಸಿಕೊಂಡಳು.

ಅಮಾವಾಸ್ಯೆಯ ಸಂಜೆ, ಹೊತ್ತು ಮುಳುಗುವ ಮುಂಚೆ, ಪ್ರಾಜಕ್ತಾ ಇದ್ದಿಲು ಕಲಸಿದ ಅನ್ನವನ್ನು ಮಗಳ ಮೇಲಿಂದ ಮೂರು ಸುತ್ತು ಇಳಿಸಿದಳು. ಉಳಿದಿದ್ದ ಒಂದು ಕೆಂಪು ರಿಬ್ಬನ್ನನ್ನು ಅದರ ಮೇಲಿಟ್ಟಳು. ಒಬ್ಬಳೇ ಗಾಡಿ ಓಡಿಸಿಕೊಂಡು ಅದೇ ಮೂರು ದಾರಿಗೆ ಹೋದಳು. ಎಲೆ ಇಟ್ಟಳು. ಸುಟ್ಟ ಕೂದಲಿನ ವಾಸನೆ ಅವಳ ಸೆರಗಿನಿಂದ ಇಳಿದು ನೆಲಕ್ಕೆ ಹೋಯಿತು. ತಿರುಗದೆ ಬಂದು ಕೂತಳು. ಗಾಡಿ ಬಿಟ್ಟಳು.

ಹಿಂದೆ ನೋಡಲಿಲ್ಲ. ಆದರೆ ಕಣ್ಣೆದುರಿಗೆ ಕನ್ನಡಿಯಿತ್ತು.

ಕನ್ನಡಿಯಲ್ಲಿ ಒಂದು ಟ್ರ್ಯಾಕ್ಟರ್. ಹಿಂದೆ ಎರಡು ಟ್ರೇಲರ್. ಕಬ್ಬು ಕಡಿಯಲು ದೂರದಿಂದ ಬಂದ ಮಂದಿ ಪಾತ್ರೆ, ಹಾಸಿಗೆ ಹೇರಿಕೊಂಡು ಹೊಸ ಹೊಲಕ್ಕೆ ಹೊರಟಿದ್ದರು. ಹಾಸಿಗೆಯ ಗಂಟಿನ ಮೇಲೆ ಒಂದು ಹುಡುಗಿ. ಕಡ್ಡಿಯಂಥ ಕಾಲು ಇಳಿಬಿಟ್ಟು ಕಬ್ಬಿನ ತುಂಡು ಸೀಪುತ್ತಿದ್ದಳು. ಹಾದಿ ತಪ್ಪಿತ್ತೇನೋ, ಟ್ರ್ಯಾಕ್ಟರ್ ಅಲ್ಲಿ ತಿರುಗಿತು. ಎರಡು ಟ್ರೇಲರ್ ಒಮ್ಮೆಲೇ ತಿರುಗಲಿಲ್ಲ. ಮತ್ತೊಂದು ಸುತ್ತು ಹಾಕಿತು. ಎಡಕ್ಕೆ.

ಕೂಗಬೇಕು. ಗಾಜು ಇಳಿಸಿ ಕೂಗಬೇಕು. ನಿಲ್ರಿ ಅನ್ನಬೇಕು. ಕೈ ಗಾಜಿಳಿಸುವ ಗುಂಡಿಯ ಮೇಲಿತ್ತು. ಕೂಗಿದರೆ? ಓಡಿಹೋಗಿ ಎಲೆ ಎತ್ತಿಕೊಂಡರೆ? ಮನೆಯಲ್ಲಿ ಸುಲಿದ ಅಂಗೈ. ನಡೆಯುವ ಪುಟ್ಟ ಪಾದ. ಇವತ್ತು ಅಮಾವಾಸ್ಯೆ. ಇವತ್ತೇ ಕೊನೆ.

ಮೂರನೇ ಸುತ್ತು ಶುರುವಾಯಿತು.

ಪ್ರಾಜಕ್ತಾಳ ಕಾಲು ತಾನೇ ತಾನಾಗಿ ಆಕ್ಸಿಲರೇಟರ್ ತುಳಿಯಿತು. ಈ ಸಲ ಸ್ಟೇರಿಂಗ್ ಅವಳು ಹೇಳಿದ ಹಾಗೆ ಕೇಳಿತು.

ಮನೆಯಲ್ಲಿ ಕಂಬದ ಸುತ್ತ ಯಾರೂ ಇರಲಿಲ್ಲ. ಸನ್ಮತಿ ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ಜಿನಮತಿ ಅಳುತ್ತ ಅಳುತ್ತ ಮೊಮ್ಮಗಳ ಅಂಗೈಗೆ ಬೆಣ್ಣೆ ಹಚ್ಚುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಶ್ರೇಣಿಕ ಹೆಂಡತಿಯ ಮುಖ ನೋಡಿ ಅವಳ ಕೈಯಿಂದ ಗಾಡಿಯ ಕೀಲಿ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಮಗಳು ತಾನೇ ಬಂದು ತಾಯಿಯ ಮುಂದೆ ಬೆನ್ನು ಮಾಡಿ ಕೂತಳು. ಪ್ರಾಜಕ್ತಾ ಎಣ್ಣೆ ಹಚ್ಚಿದಳು, ಸಿಕ್ಕು ಬಿಡಿಸಿದಳು, ಒಂದು ಜಡೆ ಹಾಕಿದಳು. ಅದು ನಿಂತಿತು. ಇನ್ನೊಂದು ಹಾಕಿದಳು. ಅದೂ ನಿಂತಿತು. ಎರಡಕ್ಕೂ ಹೊಸ ರಿಬ್ಬನ್ ಕಟ್ಟಿದಳು. ಹಿತ್ತಲ ಬಾಗಿಲಲ್ಲಿ ಕಾಳವ್ವ ಹಾಲಿನ ಕ್ಯಾನು ಹಿಡಿದು ಬಂದವಳು ಅಲ್ಲೇ ನಿಂತಳು.

ಸನ್ಮತಿ ತಲೆ ತಿರುಗಿಸಿದಳು. ಈ ಸಲ ಯಾರೂ ಅಲ್ಲಾಡಬೇಡ ಎನ್ನಲಿಲ್ಲ. ತಿಂಗಳ ಮೇಲೆ ಬಂದ ದನಿ ಒಣಗಿತ್ತು.

"ಮಮ್ಮಿ, ಹಂಗಾರ ಅದು ಈಗ ಯಾರ ಮನೀಗೆ ಹೋತು?"