ಚಿನ್ನದ ರೆಕಾರ್ಡು, ಒಂದು ಡಬ್ಬಿ ಚಹಾ

1979ರ ನವೆಂಬರ್ 14ರ ಬೆಳಿಗ್ಗೆ ‘ಹಮಾಶಿಗೆ’ ಎಂಬ ರೆಕಾರ್ಡ್ ಕಂಪನಿಯ ಮ್ಯಾನೇಜರ್ ತೊಕಿತಾ ಟೋಕಿಯೋದ ನದಿದಂಡೆ ಠಾಣೆಗೆ ಬಂದು ದೂರು ಕೊಟ್ಟರು. ಬಂದರಿನ ಕುರಿತ ಹಾಡೊಂದು ಐದು ಲಕ್ಷ ಪ್ರತಿ ಮಾರಾಟವಾದದ್ದಕ್ಕೆ ಸಿಕ್ಕ ಚಿನ್ನದ ಲೇಪದ ರೆಕಾರ್ಡು, ಚೌಕಟ್ಟಿನ ಸಮೇತ, ಕಚೇರಿಯ ಗೋಡೆಯಿಂದ ಹಿಂದಿನ ದಿನ ಕಾಣೆಯಾಗಿತ್ತು. ಎಫ್‌ಐಆರ್ ಆಯಿತು. ಇನ್ಸ್‌ಪೆಕ್ಟರ್ ಹಿರಾನುಮಾ, ಕಾನ್‌ಸ್ಟೇಬಲ್ ಒಗುರಿಯ ಜೊತೆ ಸ್ಥಳಕ್ಕೆ ಹೋದರು.

ಬೀಗ ಮುರಿದಿರಲಿಲ್ಲ. ಹೊರಗಿನವರು ಯಾರೂ ಬಂದಿಲ್ಲ ಎಂದು ಸಿಬ್ಬಂದಿಯೆಲ್ಲ ಹೇಳಿದರು. ಹೇಳುತ್ತಲೇ ಚಹಾ ತಂದಿಟ್ಟರು. ಕಚೇರಿಗಳಲ್ಲಿ ಸಿಗುವಂಥ ಚಹಾ ಅಲ್ಲ ಅದು.

“ಎಲ್ಲಿಂದ ತಂದ್ರಿ ಇದನ್ನ?” ಎಂದರು ಹಿರಾನುಮಾ.

“ತಂದಿದ್ದಲ್ಲ ಸಾರ್, ಸಾವಿನ ಮನೆಯವರು ಕೊಟ್ಟಿದ್ದು. ನಿನ್ನೆ ಆ ಮನೆ ಹೆಂಗಸು ಬಂದಿದ್ರು,” ಎಂದಳು ಸ್ವಾಗತದ ಹುಡುಗಿ.

“ಅವರು ಹೊರಗಿನವರಲ್ವಾ?”

“ಸೂತಕದವರನ್ನ ಯಾರು ಸಾರ್ ಹಾಗೆ ಲೆಕ್ಕ ಹಾಕ್ತಾರೆ?”

ಡಬ್ಬಿಗೆ ಸುತ್ತಿದ್ದ ಕಾಗದ ಕಸದ ಬುಟ್ಟಿಯಲ್ಲಿತ್ತು. ಸಾವಿನ ಕಾಣಿಕೆಯ ಗುರುತಾದ ಕಪ್ಪು-ಬಿಳಿ ದಾರದ ಗಂಟಿನ ಚಿತ್ರ, ಅದರ ಕೆಳಗೆ ಕೊಟ್ಟ ಮನೆಯ ಹೆಸರು: ಮಿಸಾವಾ.

“ಕಳ್ಳಿ ಹೆಸರು ಬರೆದಿಟ್ಟು ಹೋಗಿದ್ದಾಳೆ. ಇವರು ಸಾಕ್ಷಿನ ಕುದಿಸಿ ಕುಡಿದಿದ್ದಾರೆ,” ಎಂದ ಒಗುರಿ.

ಹಿರಾನುಮಾ ನಗಲಿಲ್ಲ. ಮಿಸಾವಾ ಕೆಂಜೊ ಅದೇ ಹಾಡಿಗೆ ವಾದ್ಯ ಸಂಯೋಜನೆ ಮಾಡಿದವರು, ಸೆಪ್ಟೆಂಬರ್ 28ಕ್ಕೆ ತೀರಿಕೊಂಡರು ಎಂದು ತೊಕಿತಾ ತಿಳಿಸಿದರು. ಸಾವಿಗೆ ಕೊಟ್ಟ ಕಾಣಿಕೆಗೆ ಇಂಥ ಚಹಾದ ಮರುಕಾಣಿಕೆ ಬರುವುದು ನಲವತ್ತೊಂಬತ್ತನೆಯ ದಿನದ ಕರ್ಮ ಮುಗಿದ ಮೇಲೆ. ಆ ದಿನ ನಾಳೆ. ಅವರ ಹೆಂಡತಿ ಫುಮಿ ಎರಡು ದಿನ ಮೊದಲೇ ಬಂದುಹೋಗಿದ್ದರು. ಕದಿಯಲು ಬಂದಾಗಲೂ ಬರಿಗೈಯಲ್ಲಿ ಬರಲು ಅವರಿಗೆ ಆಗಿರಲಿಲ್ಲ. ಕಪ್ಪು ಬಟ್ಟೆಯ ಆ ಹೆಂಗಸಿಗೆ ಎಲ್ಲರೂ ತಲೆ ಬಾಗಿಸಿದ್ದರು. ಹೋಗುವಾಗ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಯಾರೂ ನೋಡಿರಲಿಲ್ಲ.

ತಪಾಸಣೆಯ ವಾರಂಟು ಮರುದಿನ ಸಿಕ್ಕಿತು. ಇಬ್ಬರೂ ಹೋದಾಗ ಮಿಸಾವಾ ಮನೆಯಲ್ಲಿ ಭಿಕ್ಷುವಿನ ಮಂತ್ರ ನಡೆಯುತ್ತಿತ್ತು. ಪೂಜಾಪೀಠದಲ್ಲಿ ಕೆಂಜೊ ಅವರ ಫೋಟೊ, ಒಂದು ಬಟ್ಟಲು ಅನ್ನ, ಪಕ್ಕದಲ್ಲಿ ಚಿನ್ನದ ರೆಕಾರ್ಡು. ಒಗುರಿ ವಾರಂಟು ಹೊರತೆಗೆದ. ಹಿರಾನುಮಾ ಅವನ ಕೈ ತಡೆದು, ಬೂಟು ಬಿಚ್ಚಿ, ಹಿಂದಿನ ಸಾಲಿನಲ್ಲಿ ಕೂತರು.

ಭಿಕ್ಷು ಹೋದ ಮೇಲೆ ಫುಮಿ ತಾವಾಗಿ ತಿರುಗಿದರು.

“ಹಾಡಿದವರಿಗೆ ಒಂದು ಕೊಟ್ರು, ಬರೆದವರಿಗೆ ಒಂದು, ಗೋಡೆಗೂ ಒಂದು. ಇವರು ಆಸ್ಪತ್ರೇಲಿ ಮಲಗ್ಕೊಂಡು ಕೇಳ್ತಾನೇ ಇದ್ರು, ನಮ್ಮದು ಬಂತಾ ಅಂತ.”

“ನೀವೇನಂದ್ರಿ?”

“ದಾರೀಲಿದೆ ಅಂದೆ.” ಫೋಟೊ ಕಡೆ ತಿರುಗಿದರು. “ಇವತ್ತು ಈ ಲೋಕ ಬಿಟ್ಟು ಹೊರಟುಹೋಗೋರು. ಸುಳ್ಳು ಹೇಳಿ ಹೇಗೆ ಕಳಿಸ್ಲಿ?”

ಮಧ್ಯಾಹ್ನ 2:10ಕ್ಕೆ ಫುಮಿ ಅವರ ಬಂಧನವಾಯಿತು. ನೆರೆಯ ಇಬ್ಬರ ಸಮಕ್ಷಮ ಪಂಚನಾಮೆ ಬರೆದರು. ಚೌಕಟ್ಟಿನ ಹಿತ್ತಾಳೆ ಫಲಕದಲ್ಲಿ, ಉಳಿದ ಹೆಸರುಗಳ ಕೆಳಗೆ, ಒಂದು ಚೂರು ಕಾಗದ ಅಂಟಿಸಿತ್ತು. ಅದರಲ್ಲಿ ಮಿಸಾವಾ ಕೆಂಜೊ ಎಂಬ ಹೆಸರು. ಅನ್ನದಗುಳಿನಿಂದ ಅಂಟಿಸಿದ ಕಾಗದ ಒಂದು ಎಂದು ಹಿರಾನುಮಾ ಅದನ್ನೂ ಬರೆಸಿದರು.

ಸಂಜೆ ಠಾಣೆಗೆ ಬಂದ ತೊಕಿತಾ, ಆ ಕಾಗದ ಕಿತ್ತು ಕೊಡಿ ಎಂದರು.

“ಪಂಚನಾಮೆಯಲ್ಲಿದೆ. ಕೇಸು ಮುಗಿಯೋವರೆಗೆ ಮುಟ್ಟೋ ಹಾಗಿಲ್ಲ.”

“ಅದು ಯಾವಾಗ ಮುಗಿಯುತ್ತೆ?”

ಹಿರಾನುಮಾ ಎದ್ದು ಒಳಗೆ ಹೋದರು. ಜಪ್ತಿ ಮಾಲಿನ ಕೋಣೆಯಲ್ಲಿ ರೆಕಾರ್ಡನ್ನು ಗೋಡೆಗೆ ಒರಗಿಸಿಟ್ಟು, ಕಾಗದವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಅನ್ನದಗುಳು ಒಣಗಿ ಗಟ್ಟಿಯಾಗಿತ್ತು.