ಮಾಳವ್ವ ಮಯೂರಬಂಡಿ ಹತ್ತಿದ್ದು

ರೈಲಿನ ಹಳಿಗಳು ನೆಲದ ಮೇಲೆಯೇ ಇರಬೇಕು ಅನ್ನುವ ಕಟ್ಟುಪಾಡು ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಕನಕಾಂಬರ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಹಳಿಗಳು ಬೆಟ್ಟ ಬಂದರೆ ಬೆಟ್ಟ ಹತ್ತುತ್ತಿದ್ದವು, ಕೆರೆ ಬಂದರೆ ನೀರಿನ ಮೇಲೆ ತೇಲುತ್ತಿದ್ದವು, ಏನೂ ಸಿಗದಿದ್ದರೆ ಮೋಡಕ್ಕೆ ಒರಗಿಕೊಂಡು ಮುಂದೆ ಸಾಗುತ್ತಿದ್ದವು. ಆ ಹಳಿಗಳ ಮೇಲೆ ಓಡುತ್ತಿದ್ದದ್ದು ಒಂದೇ ಒಂದು ಬಂಡಿ. ಅದೇ ಮಯೂರಬಂಡಿ.

ಬೀಟೆ ಮರದ ಬೋಗಿಗಳು, ಮಖಮಲ್ಲಿನ ಹಾಸಿಗೆಗಳು, ಓಡುವ ಬಂಡಿಯಲ್ಲೇ ಪನ್ನೀರಿನ ಸ್ನಾನ. ಒಂದು ಸುತ್ತು ಹೋಗಿ ಬರಲು ತಿಂಗಳು ಬೇಕು. ಅಷ್ಟರಲ್ಲಿ ಹಿಮದ ಬೆಟ್ಟ, ಮರಳುಗಾಡು, ಕಡಲು ಎಲ್ಲವೂ ಕಿಟಕಿಯ ಹತ್ತಿರ ಬಂದು ಮುಖ ತೋರಿಸಿ ಹೋಗುತ್ತಿದ್ದವು. ಕನಕಾಂಬರದಲ್ಲಿ ಗಂಡು ನೋಡುವ ಶಾಸ್ತ್ರದಲ್ಲೂ ಹುಡುಗಿಯರು ಮೊದಲು ಕೇಳುತ್ತಿದ್ದದ್ದು, "ಹುಡುಗ ಮಯೂರಬಂಡಿ ಹತ್ತಿಸ್ತಾನಾ?" ಅಂತಲೇ.

ಮಾಳವ್ವ ಹಾಗೆ ಕೇಳಿರಲಿಲ್ಲ. ಬಂಡಿಯ ಹುಚ್ಚು ಇದ್ದದ್ದು ಅವಳ ಗಂಡ ಚನ್ನಬೀರನಿಗೆ. ಅವನು ಗುಡ್ಡದ ಕೇರಿಯಲ್ಲಿ ಕಂಬಳಿ ನೇಯುವವನು. ಚಿಕ್ಕವನಿದ್ದಾಗ ಕುರಿ ಕಾಯುತ್ತ ಬಂಡಿಗೆ ಕೈಬೀಸಿದವನು, ಮದುವೆಯಾದ ಮೇಲೂ ಮಗ್ಗದ ಮುಂದೆ ಕೂತು "ಕೂ..." ಅಂತ ಕೂಗು ಹಾಕುತ್ತಿದ್ದ. ಒಂದು ವರ್ಷ ಚಳಿಗೆ ಮಹಾರಾಣಿಗೆ ನಿದ್ದೆಯೇ ಇರಲಿಲ್ಲ. ಚನ್ನಬೀರ ನೇಯ್ದ ಕಂಬಳಿ ಹೊದ್ದವಳು ಹೊತ್ತೇರುವ ತನಕ ಮಲಗಿಬಿಟ್ಟಳು. ಎದ್ದವಳೇ ಅವನನ್ನು ಕರೆಸಿ, "ಏನು ಬೇಕೋ ಕೇಳು" ಅಂದಳು. ಬೇರೆ ಯಾರಾದರೂ ಆಗಿದ್ದರೆ ಹೊಲ ಕೇಳುತ್ತಿದ್ದರು. ಇವನು ಎರಡು ಟಿಕೆಟ್ಟು ಕೇಳಿಕೊಂಡು ಬಂದ.

"ರೀ, ಈಚೆಗೆ ಹೋದೋರು ಯಾರೂ ವಾಪಸ್ ಬಂದಿಲ್ವಂತೆ" ಅಂದಳು ಮಾಳವ್ವ.

"ಅಷ್ಟು ಚೆನ್ನಾಗಿರ್ತದೆ ಕಣೇ. ಯಾಕೆ ಬರ್ತಾರೆ?"

ರಾಜನೂ ಸೇರಿ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಬಂಡಿಯನ್ನು ಈಗ ಧೂಮಕಂಠ ಅನ್ನುವ ಮಂತ್ರವಾದಿ ಓಡಿಸುತ್ತಿದ್ದ. ಇದ್ದಿಲೇ ಇಲ್ಲದೆ ಓಡಿಸುತ್ತೇನೆ ಅಂತ ಅವನು ಹೇಳಿದಾಗ, ಖರ್ಚು ಉಳಿಯಿತು ಅಂತ ರಾಜ ಖುಷಿಯಾಗಿ ಕೀಲಿ ಕೊಟ್ಟಿದ್ದ. ಇದ್ದಿಲಿಲ್ಲದೆ ಹೇಗಪ್ಪಾ ಓಡುತ್ತೆ ಅಂತ ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಹೊರಡುವ ದಿನ ಧೂಮಕಂಠನೇ ಬಿಳಿ ಕೈಗವಸು ತೊಟ್ಟು ಬಾಗಿಲಲ್ಲಿ ನಿಂತಿದ್ದ. ಮಾತು ಬೆಣ್ಣೆ.

"ಬನ್ನಿ ಯಜಮಾನರೇ. ಇಲ್ಲಿ ಏನನ್ನೂ ಹೊರೋ ಹಾಗಿಲ್ಲ. ಗಂಟು ಇಲ್ಲಿ ಕೊಡಿ. ಚಪ್ಪಲಿ ಇಲ್ಲಿ ಬಿಡಿ. ಹೆಸರನ್ನೂ ಇಲ್ಲೇ ಇಟ್ಟುಬಿಡಿ. ಹೆಸರಿದ್ದರೆ ತಾನೇ ಯಾರಾದ್ರೂ ಕರೆದು ಕೆಲಸ ಹೇಳೋದು!"

ಚನ್ನಬೀರನಿಗೆ ಇದು ಬಹಳ ಸರಿ ಅನ್ನಿಸಿತು. ಧೂಮಕಂಠ ಹಿಡಿದಿದ್ದ ಹಿತ್ತಾಳೆ ಗಿಂಡಿಯೊಳಕ್ಕೆ ಬಗ್ಗಿ ತನ್ನ ಹೆಸರು ಹೇಳಿದ. ಹೆಸರು ಮಿಣಮಿಣ ಹೊಳೆಯುತ್ತ ಒಳಗೆ ಬಿತ್ತು, ಮುಚ್ಚಳ ಮುಚ್ಚಿಕೊಂಡಿತು.

"ತಮ್ಮದು ತಾಯಿ?"

"ತಾಳಿ, ನೀರು ತುಂಬ್ಕೊಂಡು ಬಂದೆ" ಅಂದಳು ಮಾಳವ್ವ. ಬಂಡಿಯಲ್ಲಿ ಪನ್ನೀರಿದ್ದರೇನು, ಕುಡಿಯುವ ನೀರು ತನ್ನ ಚೊಂಬಿನದೇ ಆಗಬೇಕು ಅನ್ನುವವಳು ಅವಳು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಅರ್ಧ ಚೊಂಬು ತುಂಬುವಷ್ಟರಲ್ಲಿ ಬಂಡಿ ಹೊರಟೇಬಿಟ್ಟಿತು.

"ಅಯ್ಯೋ, ನಿಲ್ಲಿಸ್ರೋ! ನಮ್ಮನೆಯವರು ಅದ್ರಲ್ಲಿ ಇದ್ದಾರೆ!"

ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಅವಳ ಸೆರಗು ಹಿಡಿದಳು. "ಬಂಡಿ ತಪ್ಪಿದ್ದೇ ಒಳ್ಳೇದಾಯ್ತು ಮಗಾ. ಅದು ಓಡೋದು ಜನಗಳ ಹೆಸರು ಉರಿಸ್ಕೊಂಡು. ನಾನು ಹೇಗೋ ಧುಮುಕಿ ಬಂದೆ, ಆದರೆ ನನ್ನ ಹೆಸರು ಅಷ್ಟರಲ್ಲೇ ಒಲೆಗೆ ಹೋಗಿತ್ತು. ಈಗ ನನ್ನ ಮನೆ ಯಾವುದು, ಮಕ್ಕಳು ಯಾರು, ಒಂದೂ ನೆಪ್ಪಿಲ್ಲ."

ಮಾಳವ್ವ ಅಜ್ಜಿಯ ಕೈ ಹಿಡಿದುಕೊಂಡಳು. "ನಮ್ಮನೆಯವರ ಗತಿ ಏನಜ್ಜಿ?"

"ಮೂರನೇ ಸಿಳ್ಳು ಆದಾಗ ಆ ಮಂತ್ರವಾದಿ ಹೆಸರು ಒಲೆಗೆ ಹಾಕ್ತಾನೆ. ಅಷ್ಟರೊಳಗೆ ನಿನ್ನ ಗಂಡನ ಎದುರು ನಿಂತು, ಅವನ ಹೆಸರು ಹಿಡಿದು ಕರೆದರೆ ಅದು ಅವನಿಗೇ ವಾಪಸ್ ಬರ್ತದೆ. ಬಂಡಿ ಗುಡ್ಡ ಸುತ್ತಿಕೊಂಡು ಹೋಗ್ತದೆ. ನೀನು ಅಡ್ಡ ಹತ್ತು, ತಿರುವಿನಲ್ಲಿ ಸಿಗ್ತದೆ."

"ಹೆಸರು ಹಿಡಿದಾ? ನಾನಾ?" ಮಾಳವ್ವ ನಾಲಗೆ ಕಚ್ಚಿಕೊಂಡಳು. ಹೆಂಡತಿ ಹೆಸರು ಹೇಳಿದಷ್ಟೂ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಅಂತ ಕನಕಾಂಬರದ ಹೆಣ್ಣುಮಕ್ಕಳಿಗೆ ಹಾಲು ಕುಡಿಸುವಾಗಲೇ ಹೇಳಿಕೊಡುತ್ತಿದ್ದರು. ಮಾಳವ್ವ ಕನಸಿನಲ್ಲೂ ಆ ಹೆಸರು ಅಂದವಳಲ್ಲ. ಆದರೂ ಅದನ್ನು ಆಮೇಲೆ ನೋಡಿಕೊಂಡರಾಯಿತು ಅಂತ ಸೀರೆ ಎತ್ತಿ ಕಟ್ಟಿ ಗುಡ್ಡ ಹತ್ತಿದಳು. ತಿರುವಿನಲ್ಲಿ ಏದುಸಿರು ಬಿಡುತ್ತಿದ್ದ ಬಂಡಿಯ ಹಿಂದಿನ ಬೋಗಿಗೆ ಹಾರಿ ಜೋತುಬಿದ್ದಳು.

ಅದು ಊಟದ ಬೋಗಿ. ಬೆಳ್ಳಿ ತಟ್ಟೆ, ತುಪ್ಪದಲ್ಲಿ ಮುಳುಗಿದ ಹೋಳಿಗೆ, ಚಿರೋಟಿ, ಘಮಘಮ ಪುಳಿಯೋಗರೆ. ಜನ ತಲೆ ಎತ್ತದೆ ತಿನ್ನುತ್ತಿದ್ದರು. ಕೂತವರು ಏಳಬಾರದು ಅನ್ನುವುದು ಆ ಬೋಗಿಗೆ ಹಾಕಿದ ಮಾಟ. ಪೇಟ ಸುತ್ತಿಕೊಂಡ ಹುಲಿಯೊಂದು ಸೌಟು ಹಿಡಿದು ಬಂತು.

"ಕೂತ್ಕೊಳ್ಳಿ ತಾಯಿ, ಬಡಿಸ್ತೀನಿ."

ಗುಡ್ಡ ಹತ್ತಿ ಬಂದವಳಿಗೆ ಹೊಟ್ಟೆ ತಾಳ ಹಾಕುತ್ತಿತ್ತು. ಇನ್ನೇನು ಕೂರಬೇಕು, ಹುಲಿಯ ಪಕ್ಕೆಲುಬು ಕಣ್ಣಿಗೆ ಬಿತ್ತು.

"ಅಲ್ಲಪ್ಪಾ, ನಿನ್ನ ಊಟ ಆಯ್ತಾ?"

ಹುಲಿಯ ಕೈಯ ಸೌಟು ಅಲ್ಲೇ ನಿಂತಿತು. ಮೀಸೆ ನಡುಗಿತು. "ಕಾಡಿಂದ ಹಿಡಿದು ತಂದಾಗಿಂದ ಬರೀ ಬಡಿಸ್ತಾ ಇದೀನಿ ತಾಯಿ. ಯಾರೂ ಕೇಳಿರಲಿಲ್ಲ."

"ಬಡಿಸೋನು ಹಸ್ಕೊಂಡಿದ್ರೆ ನನಗೆ ತುತ್ತು ಇಳಿಯಲ್ಲ. ನೀನು ಕೂತ್ಕೋ, ನಾನು ಬಡಿಸ್ತೀನಿ."

ಹುಲಿ ಹೋಳಿಗೆ ತಿನ್ನುತ್ತದಾ ಅಂತ ಕೇಳಬೇಡಿ. ಅಷ್ಟು ಹಸಿದ ಹುಲಿ ತಟ್ಟೆಯನ್ನೂ ತಿನ್ನುತ್ತದೆ. ಉಂಡು, ತೇಗಿ, ಬಾಲದಿಂದಲೇ ಮುಂದಿನ ಬಾಗಿಲು ತೆಗೆದುಕೊಟ್ಟಿತು. ಮೊದಲನೇ ಸಿಳ್ಳು ಕೇಳಿಸಿತು.

ಎರಡನೆಯದು ಮಲಗುವ ಬೋಗಿ. ಒಳಗೆ ತಣ್ಣಗಿನ ನೆರಳು, ಮೊಣಕಾಲೆತ್ತರದ ಹಾಸಿಗೆಗಳು. ಮಲಗಿದವರು ಏಳಬಾರದು ಅನ್ನುವುದು ಅಲ್ಲಿನ ಮಾಟ. ಕರಡಿಯೊಂದು ಚಾಮರ ಬೀಸುತ್ತ ಬಂತು.

"ಮಲಕ್ಕೊಳ್ಳಿ ತಾಯಿ, ಕಾಲು ಒತ್ತಲಾ?"

ಮಾಳವ್ವನ ಕಾಲು ಪದ ಹೇಳುತ್ತಿದ್ದವು. ಒಂದು ಗಳಿಗೆ ಅಂತ ಹಾಸಿಗೆಯ ಅಂಚಿಗೆ ಕೂತಳು, ರೆಪ್ಪೆ ಎಳೆಯತೊಡಗಿತು. ಅಷ್ಟರಲ್ಲಿ ಕರಡಿ ಬಾಯಿ ಅಗಲಿಸಿ ಒಂದು ಆಕಳಿಕೆ ತೆಗೆಯಿತು. ಆ ಗಾಳಿಗೆ ಮಾಳವ್ವನ ಸೆರಗು ಹಾರಿತು, ನಿದ್ದೆಯೂ ಹಾರಿತು.

"ನೀನು ಮಲಗಿ ಎಷ್ಟು ದಿನ ಆಯ್ತೋ?"

"ಬಂಡಿಗೆ ಬಂದ ಮೇಲೆ ಮಲಗೇ ಇಲ್ಲ ತಾಯಿ."

"ಬಾ ಇಲ್ಲಿ. ಕಣ್ಣು ಮುಚ್ಚು."

ತಬ್ಬಲಿ ಕುರಿಮರಿಗಳಿಗೆ ತಟ್ಟುವ ಹಾಗೆ ತಟ್ಟಿದಳು. ಕರಡಿ ಮೂರನೇ ತಟ್ಟಿಗೆ ಗೊರಕೆ ಹೊಡೆಯಿತು. ಬೋಗಿ ಗಡಗಡ ಅಲುಗಿತು, ಮಾಟಕ್ಕೆ ಮಲಗಿದ್ದ ಒಂದಿಬ್ಬರು ಆ ಸದ್ದಿಗೆ ಎದ್ದೂ ಕೂತರು. ಎರಡನೇ ಸಿಳ್ಳು ಆಯಿತು.

ಮೂರನೆಯದು ಕಿಟಕಿಗಳ ಬೋಗಿ. ಮನಸ್ಸಿನಲ್ಲಿದ್ದ ಜಾಗ ಅಲ್ಲಿನ ಕಿಟಕಿಯಲ್ಲಿ ಕಾಣುತ್ತಿತ್ತು. ಸಾಲುಸಾಲಾಗಿ ಕೂತ ಜನ, ಒಬ್ಬರ ಮುಖ ಒಬ್ಬರು ನೋಡದೆ, ಹೊರಗೆ ಕಣ್ಣು ನೆಟ್ಟಿದ್ದರು. ನಡುವೆ ರೇಷ್ಮೆ ಅಂಗಿ ತೊಟ್ಟು ಚನ್ನಬೀರ ಕಡಲು ನೋಡುತ್ತಿದ್ದ. ಬೋಗಿಯ ಆ ತುದಿಗೆ ಒಲೆ ಧಗಧಗ ಉರಿಯುತ್ತಿತ್ತು. ಪಕ್ಕದಲ್ಲಿ ಧೂಮಕಂಠ. ಅವನ ಸಲಿಕೆಯ ಮೇಲೆ ಒಂದು ಹೆಸರು ಮಿಣಮಿಣ ಅನ್ನುತ್ತಿತ್ತು.

ಮಾಳವ್ವ ಗೊತ್ತಿದ್ದ ವಿದ್ಯೆಯನ್ನೇ ಮೊದಲು ಪ್ರಯೋಗಿಸಿದಳು. "ನಿಮ್ಮ ಊಟ ಆಯ್ತಾ?"

"ಆಯ್ತು. ಚೆನ್ನಾಗಾಯ್ತು" ಅಂದ ಧೂಮಕಂಠ.

"ನಿದ್ದೆ?"

"ಅದೂ ಆಯ್ತು."

ಇನ್ನು ಉಳಿದದ್ದು ಕರೆಯುವುದು. ಮಾಳವ್ವ ಗಂಡನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡಳು. "ರೀ! ಇಲ್ನೋಡಿ!"

ಬೋಗಿಯ ಗಂಡಸರೆಲ್ಲ ಒಟ್ಟಿಗೆ ತಿರುಗಿದರು. ಮನೆಯಲ್ಲಿ ಎಲ್ಲರನ್ನೂ ಕರೆಯುತ್ತಿದ್ದದ್ದು ಅದೇ ತಾನೇ! ಚನ್ನಬೀರನೂ ತಿರುಗಿದ. ಅವಳನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ. "ಯಾರು ಬೇಕಾಗಿತ್ತಮ್ಮಾ?"

ಹುಲಿಗೂ ಕರಡಿಗೂ ಹೆದರದ ಮಾಳವ್ವ ಆ ಒಂದು ಮಾತಿಗೆ ಅತ್ತುಬಿಟ್ಟಳು.

ಧೂಮಕಂಠ ನಕ್ಕ. "ಹೆಸರು ಹಿಡಿದು ಕರಿ ತಾಯಿ, ಬರ್ತಾನೆ. ಅವನ ಆಯುಸ್ಸು ಎಷ್ಟು ಕಡಿಮೆಯಾಗ್ತದೋ ನನಗೆ ಗೊತ್ತಿಲ್ಲಪ್ಪ. ಇಲ್ಲೇ ಬಿಟ್ಟರೆ ಹಾಯಾಗಿ ನೂರು ವರ್ಷ ಕಿಟಕಿ ನೋಡ್ಕೊಂಡು ಇರ್ತಾನೆ. ನೀನೇ ಯೋಚನೆ ಮಾಡು."

ಮೂರನೇ ಸಿಳ್ಳು ಶುರುವಾಯಿತು. ಸಲಿಕೆ ಹಿಂದಕ್ಕೆ ಹೋಯಿತು. ಮಾಳವ್ವ ಗಂಡನ ಮುಖ ನೋಡಿದಳು. ಅಷ್ಟು ಚೆಂದದ ಕಡಲು ಎದುರಿಗಿದ್ದರೂ ಆ ಮುಖದಲ್ಲಿ ಒಂದು ನಗು ಇರಲಿಲ್ಲ, "ಕೂ..." ಅನ್ನುವ ಆಸೆ ಇರಲಿಲ್ಲ. ತಾನು ಯಾರೆಂದೇ ಗೊತ್ತಿಲ್ಲದೆ ನೂರು ವರ್ಷ ಇಟ್ಟುಕೊಂಡು ಇವರು ಮಾಡೋದಾದರೂ ಏನು ಅನ್ನಿಸಿತು ಅವಳಿಗೆ. ಕಡಿಮೆಯಾಗುವುದಿದ್ದರೆ ನನ್ನದರಲ್ಲಿ ಕಡಿಮೆಯಾಗಲಿ ಅಂದುಕೊಂಡು, ಕಣ್ಣು ಮುಚ್ಚಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು.

"ಚನ್ನಬೀರಾ!"

ಸಲಿಕೆಯ ಮೇಲಿದ್ದ ಹೆಸರು ಚಿಮ್ಮಿ, ಬೋಗಿಯ ಉದ್ದಕ್ಕೂ ಹಾರಿ ಬಂದು ಅವನ ಎದೆಗೆ ಬಡಿಯಿತು. ಚನ್ನಬೀರ ಬಿಕ್ಕಳಿಸಿ ಎದ್ದು ನಿಂತ. "ಮಾಳೂ, ಯಾಕೆ ಅಳ್ತಿದೀಯಾ? ನೀರು ಸಿಗಲಿಲ್ವಾ?" ಅಂದ.

ಅತ್ತ ಸಲಿಕೆ ಬೀಸಿ ಆಗಿತ್ತು. ಒಲೆ ಬಾಯಿ ತೆರೆದು ಕಾಯುತ್ತಿತ್ತು. ಬರಬೇಕಾದ ಹೆಸರು ಬಾರದಿದ್ದಾಗ ಅದು ಹತ್ತಿರವಿದ್ದ ಹೆಸರನ್ನೇ ಎಳೆದುಕೊಂಡಿತು. ಹತ್ತಿರವಿದ್ದದ್ದು ಮಂತ್ರವಾದಿಯದೇ. ಅವನು ಸಲಿಕೆ ಹಿಡಿದುಕೊಂಡು, "ನಾನು ಯಾರು ಸ್ವಾಮೀ?" ಅಂತ ಎಲ್ಲರನ್ನೂ ಕೇಳುತ್ತ ನಿಂತ. ಅವನನ್ನು ಇನ್ನು ಏನಂತ ಕರೆಯಬೇಕೋ ಈ ಕತೆಗೂ ತಿಳಿಯದು.

ಅವನ ಮಾಟವೂ ಅವನ ಹೆಸರಿನ ಜೊತೆಗೇ ಹೋಯಿತು. ಬಂಡಿಯ ಹಿಂದೆ ಹೊಗೆಯಾಗಿ ತೇಲುತ್ತಿದ್ದ ಹೆಸರುಗಳೆಲ್ಲ ಕೆಳಗಿಳಿದು, ಕಿಟಕಿಗಳಿಂದ ನುಗ್ಗಿ, ತಮ್ಮ ತಮ್ಮವರ ಹೆಗಲ ಮೇಲೆ ಕೂತವು. "ಅಯ್ಯೋ, ನಾನು ತೋಪಮ್ಮ!" "ನಾನು ಗಡ್ಡದ ಹನುಮಯ್ಯ, ನಮ್ಮ ಎಮ್ಮೆ ಕರೆಯೋರು ಯಾರೋ!" ಅಂತ ಬೋಗಿಯೆಲ್ಲ ಗದ್ದಲ. ಒಂದು ಹೆಸರು ಮಾತ್ರ ಹಿಂದಕ್ಕೆ ಹಾರಿ ನಲ್ಲಿಕಟ್ಟೆಯ ಅಜ್ಜಿಯನ್ನು ಹುಡುಕಿಕೊಂಡು ಹೋಯಿತು. ಅವಳ ಹೆಸರು ಪಾರ್ವತವ್ವ ಅಂತಂತೆ. ಮಕ್ಕಳು ಪಕ್ಕದ ಊರಲ್ಲೇ ಇದ್ದರು.

ಒಲೆ ಆರಿ ಬಂಡಿ ಮೋಡದ ಮೇಲೆ ನಿಂತುಬಿಟ್ಟಿತು. ಹುಲಿ ಮುಂದಿನಿಂದ ಎಳೆಯಿತು, ಕರಡಿ ನಿದ್ದೆಗಣ್ಣಲ್ಲೇ ಹಿಂದಿನಿಂದ ತಳ್ಳಿತು. ಮುಂದಿನ ಸ್ಟೇಷನ್ನಿನಲ್ಲಿ ಹಳೆಯ ಇದ್ದಿಲು ರಾಶಿ ಬಿದ್ದಿತ್ತು. ಸಲಿಕೆ ಹೇಗೂ ಕೈಯಲ್ಲೇ ಇದ್ದ ಹೆಸರಿಲ್ಲದವನು ಇದ್ದಿಲು ಹಾಕತೊಡಗಿದ. ಕೆಲಸ ಹೇಳಲು ಒಂದು ಹೆಸರು ಬೇಕಲ್ಲ ಅಂತ ಮಾಳವ್ವ ಅವನಿಗೆ ಪುಟ್ಟಯ್ಯ ಅಂತ ಇಟ್ಟಳು. ಪುಟ್ಟಯ್ಯ ಒಳ್ಳೆಯ ಕೆಲಸಗಾರನಾದ.

ಕೆಲವರು ವಾಪಸ್ ಹೋಗೋಣ ಅಂದರು. "ಟಿಕೆಟ್ಟು ತಿಂಗಳದ್ದು ಇದೆ, ಯಾಕೆ ಹೋಗಬೇಕು?" ಅಂದಳು ಮಾಳವ್ವ. ಎಲ್ಲರೂ ಸುತ್ತು ಮುಗಿಸಿಯೇ ಬಂದರು. ಮಖಮಲ್ಲಿನ ಮೇಲೆ ಮಸಿ ಬಿತ್ತು, ಬಂಡಿ ನಿಧಾನವಾಯಿತು. ಆದರೆ ಯಾವ ಊರು, ಎಷ್ಟು ಮಕ್ಕಳು, ಮನೆಯಲ್ಲಿ ಏನು ಅಡುಗೆ ಅಂತ ಬೋಗಿಯಿಂದ ಬೋಗಿಗೆ ಮಾತು ಹರಿದು ಹೊತ್ತು ಹೋದದ್ದೇ ತಿಳಿಯಲಿಲ್ಲ. ನಿಜವಾದ ಕಡಲು ಬಂದಾಗ ಚನ್ನಬೀರ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಕೂ..." ಅಂತ ಕೂಗಿದ. ಕಡಲು ಉಪ್ಪುನೀರು ಎರಚಿತು. ಬಂಡಿಯಲ್ಲಿದ್ದವರೆಲ್ಲ ಬಂದದ್ದನ್ನು ನೋಡಿ ರಾಜ ನಾಚಿಕೊಂಡು, ಅಂದಿನಿಂದ ಇದ್ದಿಲಿನ ಖರ್ಚಿನ ಬಗ್ಗೆ ತುಟಿ ಬಿಚ್ಚಲಿಲ್ಲ.

ಒಂದು ಸಲ ಬಾಯಿಗೆ ಬಂದ ಹೆಸರು ಮಾಳವ್ವನ ಬಾಯಿ ಬಿಟ್ಟು ಹೋಗಲಿಲ್ಲ. "ಚನ್ನಬೀರಾ, ಊಟಕ್ಕೆ ಬನ್ನಿ! ಚನ್ನಬೀರಾ, ಕುರಿ ಬಿಡಿ!" ಕೇರಿಯ ಹೆಂಗಸರು ಕಿವಿ ಮುಚ್ಚಿಕೊಂಡರು, ಪಾಪ, ಇವನು ಇನ್ನೆಷ್ಟು ದಿನವೋ ಅಂತ ಮರುಗಿದರು. ಚನ್ನಬೀರ ಅವರ ಮಕ್ಕಳ ಮದುವೆ ಉಂಡ, ಮೊಮ್ಮಕ್ಕಳ ಮದುವೆ ಉಂಡ, ಮರಿಮಕ್ಕಳ ನಾಮಕರಣದಲ್ಲೂ ಎರಡನೇ ಸಲ ಪಾಯಸ ಹಾಕಿಸಿಕೊಂಡ. ಮುಪ್ಪಿನಲ್ಲಿ ಅವನಿಗೆ ಕಿವಿ ಮಂದವಾಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹಾಗೇನೂ ಇರಲಿಲ್ಲ. ಮಾಳವ್ವ ಇನ್ನೊಂದು ಸಲ ಕರೆಯಲಿ ಅಂತ ಅವನು ಕೇಳಿಸದವನಂತೆ ಕೂರುತ್ತಿದ್ದ, ಅಷ್ಟೇ.